ಹಾಶಿಮೊಟೊ ಥೈರಾಯ್ಡ್: ಡೋಸ್ ಏರಿಸುವ ಮೊದಲು ಬೆಳಗಿನ ಒಂದು ಗಂಟೆ ಸರಿಮಾಡಿಕೊಳ್ಳಿ

"ನನಗೆ ಥೈರಾಯ್ಡ್ ಇದೆ" ಎನ್ನುವ ಮಾತು ಮದುವೆಮನೆಯ ಪಂಕ್ತಿಯಲ್ಲೂ ಕೇಳಿಸುತ್ತದೆ, ಆಫೀಸಿನ ಊಟದ ಮೇಜಿನಲ್ಲೂ ಕೇಳಿಸುತ್ತದೆ. ಥೈರಾಯ್ಡ್ ಎಲ್ಲರಿಗೂ ಇದೆ. ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆ ರೆಕ್ಕೆ ಬಿಚ್ಚಿ ಕುಳಿತಂತಿರುವ ಗ್ರಂಥಿ ಅದು. ಹೀಗೆ ಹೇಳುವವರಲ್ಲಿ ಹೆಚ್ಚಿನವರಿಗೆ ಇರುವ ತೊಂದರೆ ಹೈಪೋಥೈರಾಯ್ಡಿಸಂ, ಅಂದರೆ ಗ್ರಂಥಿ ಮೈಗೆ ಬೇಕಾದಷ್ಟು ಹಾರ್ಮೋನ್ ತಯಾರಿಸುತ್ತಿಲ್ಲ. ಅಯೋಡಿನ್ ಬೆರೆಸಿದ ಉಪ್ಪು ಎಲ್ಲೆಡೆ ಸಿಗುವ ಕಡೆಗಳಲ್ಲಿ ಇದಕ್ಕೆ ಮುಖ್ಯ ಕಾರಣ ಹಾಶಿಮೊಟೊ ಥೈರಾಯ್ಡೈಟಿಸ್. ಹೊರಗಿನ ರೋಗಾಣುಗಳ ಜೊತೆ ಹೋರಾಡಬೇಕಾದ ಮೈಯ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿಯನ್ನು ಶತ್ರು ಎಂದುಕೊಂಡು ವರ್ಷಗಟ್ಟಲೆ ಸವೆಸುವ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು.

ಹೆಸರು ಬಂದದ್ದು ಜಪಾನಿನ ವೈದ್ಯ ಹಕಾರು ಹಾಶಿಮೊಟೊ ಅವರಿಂದ. ನಾಲ್ವರು ಮಹಿಳೆಯರಿಂದ ತೆಗೆದ ಥೈರಾಯ್ಡ್ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಅವರು, ಒಳಗೆಲ್ಲ ಬಿಳಿ ರಕ್ತಕಣಗಳು ಗುಂಪುಗಟ್ಟಿರುವುದನ್ನು 1912ರಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ವಿವರಿಸಿದರು. ಆ ಕಣಗಳಿಗೆ ಅಲ್ಲೇನು ಕೆಲಸ ಎನ್ನುವುದು ಗೊತ್ತಾಗಲು 1956ರವರೆಗೆ ಕಾಯಬೇಕಾಯಿತು. ಇಂಥ ರೋಗಿಗಳ ರಕ್ತದಲ್ಲಿ ತಮ್ಮ ಥೈರಾಯ್ಡ್‌ಗೇ ವಿರುದ್ಧವಾದ ಪ್ರತಿಕಾಯಗಳಿವೆ ಎಂದು ಲಂಡನ್ನಿನ ಸಂಶೋಧಕರು ಆ ವರ್ಷ ತೋರಿಸಿಕೊಟ್ಟರು.

ಗ್ರಂಥಿಯ ಮೇಲಿನ ಈ ದಾಳಿಯನ್ನು ನಿಲ್ಲಿಸುವ ಔಷಧಿ ಇವತ್ತಿಗೂ ಇಲ್ಲ. ಆದರೆ ಗ್ರಂಥಿ ತಯಾರಿಸಲಾಗದ ಹಾರ್ಮೋನನ್ನು ಹಾಗೆಯೇ ಹೊರಗಿನಿಂದ ಕೊಡಬಹುದು. ಅದು ಲೀವೊಥೈರಾಕ್ಸಿನ್ (ಚಿಕ್ಕದಾಗಿ ಥೈರಾಕ್ಸಿನ್) ಮಾತ್ರೆ. ದಿನಕ್ಕೊಂದು, ಬೆಲೆಯೂ ಕಡಿಮೆ, ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲೂ ಇದೆ. ಇಷ್ಟು ಸರಳವಾದ ಚಿಕಿತ್ಸೆ ಇದ್ದೂ ವರ್ಷಗಟ್ಟಲೆ ಥೈರಾಯ್ಡ್ ರಕ್ತ ಪರೀಕ್ಷೆಯ ಟಿಎಸ್‌ಎಚ್ ಏರುತ್ತ ಇಳಿಯುತ್ತ ಒದ್ದಾಡುವವರು ಬಹಳ ಮಂದಿ. ಅಂಥವರಲ್ಲಿ ಅನೇಕರ ತೊಂದರೆ ಮಾತ್ರೆಯ ಶಕ್ತಿ ಸಾಲದ್ದಲ್ಲ, ನುಂಗಿದ ಮಾತ್ರೆ ರಕ್ತ ಸೇರದೇ ಇರುವುದು.

ಮೊದಲು ರಿಪೋರ್ಟ್ ಓದುವುದನ್ನು ಕಲಿಯಿರಿ

ಟಿಎಸ್‌ಎಚ್ ಥೈರಾಯ್ಡ್ ತಯಾರಿಸುವ ಹಾರ್ಮೋನ್ ಅಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ "ಇನ್ನಷ್ಟು ಕೆಲಸ ಮಾಡು" ಎಂದು ಥೈರಾಯ್ಡ್‌ಗೆ ಕಳಿಸುವ ಅಪ್ಪಣೆ ಅದು. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಷ್ಟೂ ಪಿಟ್ಯುಟರಿ ದನಿ ಎತ್ತರಿಸುತ್ತದೆ. ಹಾಗಾಗಿ ಟಿಎಸ್‌ಎಚ್ ಹೆಚ್ಚಿದ್ದರೆ ಥೈರಾಯ್ಡ್ ಕೆಲಸ ಕಡಿಮೆ, ಟಿಎಸ್‌ಎಚ್ ಕಡಿಮೆಯಿದ್ದರೆ ಹಾರ್ಮೋನ್ ಹೆಚ್ಚು. ಈ ತಿರುವುಮುರುವು ಲೆಕ್ಕ ಗೊತ್ತಿಲ್ಲದೆ, ಟಿಎಸ್‌ಎಚ್ 15 ಬಂದದ್ದನ್ನು "ಥೈರಾಯ್ಡ್ ಜಾಸ್ತಿಯಾಗಿದೆ" ಎಂದುಕೊಂಡು ತಾವೇ ಮಾತ್ರೆ ಕಡಿಮೆ ಮಾಡಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನೋಡಬೇಕಾದ ಅಂಕಿ ಮೂರು. ಟಿಎಸ್‌ಎಚ್ ವಯಸ್ಕರಲ್ಲಿ ಹೆಚ್ಚುಕಡಿಮೆ 0.4ರಿಂದ 4ರ ನಡುವೆ ಇರಬೇಕು. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಫ್ರೀ ಟಿ4, ಅಂದರೆ ರಕ್ತದಲ್ಲಿ ಬಿಡಿಯಾಗಿ ಓಡಾಡುವ ಥೈರಾಕ್ಸಿನ್ ಹಾರ್ಮೋನ್, ಡೆಸಿಲೀಟರ್‌ಗೆ ಸುಮಾರು 0.8ರಿಂದ 1.8 ನ್ಯಾನೋಗ್ರಾಂ. ಮೂರನೆಯದು ಆಂಟಿ ಟಿಪಿಒ, ಅಂದರೆ ದಾಳಿಯ ಗುರುತಾದ ಪ್ರತಿಕಾಯ. ಇದು ಹೆಚ್ಚಿದ್ದರೆ ಹೈಪೋಥೈರಾಯ್ಡಿಸಂನ ಕಾರಣ ಹಾಶಿಮೊಟೊ ಎಂದು ಗೊತ್ತಾಗುತ್ತದೆ. ಒಮ್ಮೆ ಮಾಡಿಸಿದರೆ ಸಾಕು. 600 ಇದ್ದದ್ದು 400 ಆಯಿತೇ ಎಂದು ಆರು ತಿಂಗಳಿಗೊಮ್ಮೆ ಅಳೆಸುವುದರಿಂದ ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ; ಡೋಸ್ ತೀರ್ಮಾನವಾಗುವುದು ಟಿಎಸ್‌ಎಚ್ ನೋಡಿ.

ಈಗ ಮೂರು ರಿಪೋರ್ಟ್‌ಗಳನ್ನು ಊಹಿಸಿಕೊಳ್ಳಿ.

ಮೊದಲನೆಯದರಲ್ಲಿ ಟಿಎಸ್‌ಎಚ್ 28, ಫ್ರೀ ಟಿ4 0.5. ಇಲ್ಲಿ ಅನುಮಾನವೇ ಇಲ್ಲ, ಮಾತ್ರೆ ಶುರುವಾಗಬೇಕು. ಎರಡನೆಯದರಲ್ಲಿ ಟಿಎಸ್‌ಎಚ್ 7, ಫ್ರೀ ಟಿ4 ಮಾಮೂಲು. ಇದು ಸಬ್‌ಕ್ಲಿನಿಕಲ್, ಅಂದರೆ ಕೊರತೆ ಇನ್ನೂ ಪೂರ್ತಿಯಾಗದ ಹಂತ, ಅವಸರ ಪಡಬೇಕಾಗಿಲ್ಲ. ಜ್ವರದಂಥ ಕಾಯಿಲೆಯಿಂದ ಎದ್ದ ಹೊಸತರಲ್ಲಿ ಟಿಎಸ್‌ಎಚ್ ತಾತ್ಕಾಲಿಕವಾಗಿ ಏರುವುದುಂಟು. ಎರಡು-ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ. ಜೊತೆಗೆ ಆಂಟಿ ಟಿಪಿಒ ಹೆಚ್ಚಿದ್ದರೆ, ಇಂಥ 100 ಜನರಲ್ಲಿ ವರ್ಷಕ್ಕೆ ಸುಮಾರು 4 ಮಂದಿ ಪೂರ್ಣ ಹೈಪೋಥೈರಾಯ್ಡಿಸಂಗೆ ಜಾರುತ್ತಾರೆ. ಹಾಗಾಗಿ ನಿಗಾ ಬೇಕು. ಟಿಎಸ್‌ಎಚ್ 10 ದಾಟಿದರೆ ಸಾಮಾನ್ಯವಾಗಿ ಮಾತ್ರೆ ಶುರುಮಾಡುತ್ತಾರೆ. ಎಪ್ಪತ್ತು ದಾಟಿದವರಲ್ಲಿ ಟಿಎಸ್‌ಎಚ್ 6ರ ಆಸುಪಾಸು ಇರುವುದು ವಯಸ್ಸಿಗೆ ಸಹಜ. ಆ ಒಂದು ಅಂಕಿಗೆ ಹೆದರಿ ಅಜ್ಜಿಗೆ ಮಾತ್ರೆ ಹಚ್ಚುವುದು ಬೇಡ. ಮೂರನೆಯದರಲ್ಲಿ ಟಿಎಸ್‌ಎಚ್ 2.5, ಆಂಟಿ ಟಿಪಿಒ ಮಾತ್ರ ಹೆಚ್ಚು. ಈಗ ಔಷಧಿ ಬೇಕಿಲ್ಲ, ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿಸಿದರಾಯಿತು. ಬಸಿರಾದರೆ ಮಾತ್ರ ಕೂಡಲೇ ನೋಡಿಸಬೇಕು.

ಕೆಲವರಲ್ಲಿ ಆರಂಭದ ಕೆಲವು ವಾರ ಲೆಕ್ಕ ಪೂರ್ತಿ ಉಲ್ಟಾ ಇರುತ್ತದೆ. ಪೆಟ್ಟು ತಿಂದ ಗ್ರಂಥಿಯಿಂದ ಕೂಡಿಟ್ಟ ಹಾರ್ಮೋನ್ ಒಮ್ಮೆಲೇ ಸೋರಿ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ತೂಕ ಇಳಿಯುತ್ತದೆ. ಇದು ಗ್ರಂಥಿ ಅತಿಯಾಗಿ ಹಾರ್ಮೋನ್ ತಯಾರಿಸುವ ಗ್ರೇವ್ಸ್ ಕಾಯಿಲೆಯೋ ಹಾಶಿಮೊಟೊದ ಸೋರಿಕೆಯೋ ಎನ್ನುವುದನ್ನು ಖಚಿತ ಮಾಡಿಕೊಂಡೇ ಚಿಕಿತ್ಸೆ ಶುರುವಾಗಬೇಕು, ಏಕೆಂದರೆ ಸೋರಿಕೆ ತಾನಾಗಿ ನಿಲ್ಲುತ್ತದೆ, ಗ್ರೇವ್ಸ್ ನಿಲ್ಲುವುದಿಲ್ಲ.

ರಕ್ತ ಕೊಡುವ ದಿನದ ಎರಡು ನಿಯಮ ನೆನಪಿಡಿ. ಒಂದು, ಬೆಳಿಗ್ಗೆ ಮಾತ್ರೆ ನುಂಗುವ ಮೊದಲೇ ರಕ್ತ ಕೊಡಿ. ಮಾತ್ರೆ ತೆಗೆದುಕೊಂಡ ಎರಡು-ಮೂರು ಗಂಟೆಯಲ್ಲಿ ಫ್ರೀ ಟಿ4 ಏರಿರುತ್ತದೆ, ವೈದ್ಯರಿಗೆ ತಪ್ಪು ಚಿತ್ರ ಸಿಗುತ್ತದೆ. ಎರಡು, ಕೂದಲು-ಉಗುರಿಗೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ. ಹಲವು ಲ್ಯಾಬ್ ಯಂತ್ರಗಳು ಪರೀಕ್ಷೆಗೆ ಬಯೋಟಿನ್ನನ್ನೇ ಬಳಸುವುದರಿಂದ, ರಕ್ತದಲ್ಲಿರುವ ಹೆಚ್ಚುವರಿ ಬಯೋಟಿನ್ ಟಿಎಸ್‌ಎಚ್ಚನ್ನು ಇರುವುದಕ್ಕಿಂತ ಕಡಿಮೆ, ಟಿ4ನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಕೂದಲು ಉದುರುತ್ತದೆಂದು ಬಯೋಟಿನ್ ತೆಗೆದುಕೊಂಡವರಿಗೆ "ನಿಮ್ಮ ಡೋಸ್ ಹೆಚ್ಚಾಗಿದೆ" ಎಂದು ಥೈರಾಯ್ಡ್ ಮಾತ್ರೆ ಇಳಿಸಿ, ಕೂದಲು ಇನ್ನಷ್ಟು ಉದುರುವ ಪರಿಸ್ಥಿತಿ ಬರಬಹುದು.

ಡೋಸ್ ತೀರ್ಮಾನವಾಗುವ ಬಗೆ

ಗ್ರಂಥಿ ಬಹುಪಾಲು ಕೆಲಸ ನಿಲ್ಲಿಸಿದ್ದರೆ ತೂಕದ ಪ್ರತಿ ಕಿಲೋಗೆ 1.6 ಮೈಕ್ರೋಗ್ರಾಂ ಎಂಬ ಲೆಕ್ಕ ಇದೆ. 60 ಕಿಲೋ ತೂಕದವರಿಗೆ 96 ಬರುತ್ತದೆ, ಅಂದರೆ 100ರ ಮಾತ್ರೆ. ಗ್ರಂಥಿ ಇನ್ನೂ ಅಷ್ಟಿಷ್ಟು ಕೆಲಸ ಮಾಡುತ್ತಿದ್ದರೆ 25 ಅಥವಾ 50 ಸಾಕಾಗುತ್ತದೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ 12.5 ಅಥವಾ 25ರಿಂದ ಶುರುಮಾಡಿ ಆರು ವಾರಕ್ಕೊಮ್ಮೆ ನಿಧಾನವಾಗಿ ಏರಿಸುತ್ತಾರೆ. ನಿಧಾನಕ್ಕೆ ಒಗ್ಗಿಕೊಂಡ ಹೃದಯವನ್ನು ಒಮ್ಮೆಲೇ ಓಡಿಸಿದರೆ ಎದೆನೋವು ಬರಬಹುದು. ಲೆಕ್ಕ ನಿಮಗೂ ಗೊತ್ತಿರಲಿ, ತೀರ್ಮಾನ ಮಾತ್ರ ವೈದ್ಯರದ್ದು.

ಬಾಟಲಿಯ ಮೇಲಿನ ಅಂಕಿ ಮೈಕ್ರೋಗ್ರಾಂನಲ್ಲಿರುತ್ತದೆ. 12.5, 25, 50, 62.5, 75, 88, 100 ಹೀಗೆ ಹತ್ತಾರು ಅಳತೆಗಳಿದ್ದು, ಬಾಟಲಿಗಳು ನೋಡಲು ಒಂದೇ ತರ. ಅಂಗಡಿಯವರು ಕೊಟ್ಟ ಕೂಡಲೇ ಚೀಟಿಯ ಅಂಕಿಗೂ ಬಾಟಲಿಯ ಅಂಕಿಗೂ ತಾಳೆ ನೋಡಿ, ಆಮೇಲೆ ಹಣ ಕೊಡಿ.

ಲೀವೊಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಹಾಗಾಗಿ ಹೊಸ ಡೋಸ್ ಒಂದು ಸಮಸ್ಥಿತಿಗೆ ಬಂದು, ಪಿಟ್ಯುಟರಿ ಅದನ್ನು ಗುರುತಿಸಿ ಟಿಎಸ್‌ಎಚ್ ಬದಲಾಯಿಸಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಹದಿನೈದು ದಿನಕ್ಕೇ ರಕ್ತ ಪರೀಕ್ಷೆ ಮಾಡಿಸಿ "ಇಳಿದೇ ಇಲ್ಲ" ಎಂದು ಡೋಸ್ ಏರಿಸಿಕೊಂಡರೆ ಎರಡು ತಿಂಗಳ ಹೊತ್ತಿಗೆ ಅದು ಅತಿಯಾಗಿರುತ್ತದೆ. ಸುಸ್ತು, ಚಳಿ, ಮಲಬದ್ಧತೆ ಎರಡು-ಮೂರು ವಾರದಲ್ಲಿ ಸಡಿಲವಾಗತೊಡಗುತ್ತವೆ. ಕೂದಲಿಗೆ ಮಾತ್ರ ತಿಂಗಳುಗಟ್ಟಲೆ ಸಮಯ ಕೊಡಬೇಕು. ತೂಕದ ವಿಷಯ ನೇರವಾಗಿ ಹೇಳುವುದೇ ಒಳ್ಳೆಯದು: ಹೈಪೋಥೈರಾಯ್ಡಿಸಂನಿಂದ ಏರುವುದು ಸಾಮಾನ್ಯವಾಗಿ ಕೆಲವೇ ಕಿಲೋ, ಅದರಲ್ಲೂ ಹೆಚ್ಚಿನದು ಮೈಯಲ್ಲಿ ನಿಂತ ನೀರು ಮತ್ತು ಉಪ್ಪು. ಇಪ್ಪತ್ತು ಕಿಲೋ ಏರಿದ್ದರೆ ಅದಕ್ಕೆಲ್ಲ ಥೈರಾಯ್ಡ್ ಒಂದನ್ನೇ ಹೊಣೆ ಮಾಡಲಾಗದು, ಮಾತ್ರೆಯಿಂದ ಅಷ್ಟೂ ಇಳಿಯುವುದೂ ಇಲ್ಲ.

ಬೆಳಗಿನ ಆ ಒಂದು ಗಂಟೆ

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದ್ದು ಇಲ್ಲಿ. ನಮ್ಮ ಮನೆಗಳ ಬೆಳಗನ್ನೇ ನೋಡಿ. ಐದೂವರೆಗೆ ಎದ್ದು, ಹಾಲಿನ ಪ್ಯಾಕೆಟ್ ಒಳಗೆ ತಂದು, ರಾತ್ರಿಯೇ ಹಾಕಿಟ್ಟ ಫಿಲ್ಟರಿನಿಂದ ಡಿಕಾಕ್ಷನ್ ಬಗ್ಗಿಸಿ, ಹಾಲು ಕಾಯುವಷ್ಟರಲ್ಲಿ ಮಾತ್ರೆ ಬಾಯಿಗೆ ಹಾಕಿ, ಅದರ ಮೇಲೆಯೇ ಬಿಸಿ ಕಾಫಿ. "ಖಾಲಿ ಹೊಟ್ಟೆಗೇ ತಗೊಳ್ತಿದ್ದೀನಿ ಡಾಕ್ಟ್ರೇ" ಎನ್ನುವುದು ಸುಳ್ಳಲ್ಲ. ಆದರೆ ಲೀವೊಥೈರಾಕ್ಸಿನ್ ಹೀರಲ್ಪಡುವುದು ಸಣ್ಣ ಕರುಳಿನಲ್ಲಿ. ಮಾತ್ರೆಯ ಜೊತೆಗೇ ಅಲ್ಲಿಗೆ ಇಳಿದ ಕಾಫಿ ಆ ಹೀರುವಿಕೆಯನ್ನು ತಗ್ಗಿಸುತ್ತದೆ. ಹಾಲಿಲ್ಲದ ಕಾಫಿಯೂ ತಗ್ಗಿಸುತ್ತದೆ, ಹಾಲಿದ್ದರೆ ಅದರ ಕ್ಯಾಲ್ಸಿಯಂ ಬೇರೆ ಸೇರುತ್ತದೆ. ಹೀರಲ್ಪಟ್ಟದ್ದು ಕಡಿಮೆಯಾದರೆ ಟಿಎಸ್‌ಎಚ್ ಏರುತ್ತದೆ, ಡೋಸ್ 75ರಿಂದ 100ಕ್ಕೆ ಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಮುಂದೆ ಊರಿಗೆ ಹೋದಾಗ ಕಾಫಿ ತಡವಾಗಿ ಸಿಕ್ಕಿ, ಅದೇ 100ರ ಮಾತ್ರೆ ಪೂರ್ತಿ ಹೀರಲ್ಪಟ್ಟು ಎದೆ ಬಡಿತ ಹೆಚ್ಚಿದರೆ ಯಾರಿಗೂ ಕಾರಣ ಹೊಳೆಯುವುದಿಲ್ಲ.

ಸರಿಮಾಡುವುದು ಹೀಗೆ. ಮಾತ್ರೆಯ ಬಾಟಲಿ ಅಡುಗೆಮನೆಯಿಂದ ಮಲಗುವ ಕೋಣೆಗೆ ಬರಲಿ. ರಾತ್ರಿ ಮಲಗುವಾಗ ಪಕ್ಕದಲ್ಲಿ ಒಂದು ಲೋಟ ನೀರು ಮುಚ್ಚಿಡಿ. ಕಣ್ಣು ಬಿಟ್ಟ ಕೂಡಲೇ, ಇನ್ನೂ ಹಾಸಿಗೆಯಲ್ಲಿ ಕುಳಿತಿರುವಾಗಲೇ ಮಾತ್ರೆ ನುಂಗಿ ನೀರು ಕುಡಿಯಿರಿ. ಗಂಟೆ ನೋಡಿಕೊಳ್ಳಿ. ಮುಖ ತೊಳೆಯುವುದು, ರಂಗೋಲಿ, ವಾಕಿಂಗ್, ಮಕ್ಕಳ ಡಬ್ಬಿ, ಏನಿದ್ದರೂ ಮುಗಿಸಿ. ಕಾಫಿ, ಟೀ, ಹಾಲು, ರಾಗಿ ಗಂಜಿ, ತಿಂಡಿ ಒಂದು ಗಂಟೆ ಕಳೆದ ಮೇಲೆ. ಅರ್ಧ ಗಂಟೆಯೂ ನಡೆಯುತ್ತದೆ ಎನ್ನುತ್ತಾರೆ, ಆದರೆ ನಮ್ಮ ಮನೆಗಳ ಅರ್ಧ ಗಂಟೆ ಹತ್ತು ನಿಮಿಷಕ್ಕೆ ಇಳಿಯುವುದು ಬೇಗ, ಒಂದು ಗಂಟೆಯನ್ನೇ ಗುರಿಯಾಗಿಟ್ಟುಕೊಳ್ಳಿ. ಜೇನು-ನಿಂಬೆ, ಮೆಂತ್ಯದ ನೀರು, ಕಷಾಯ ಯಾವುದೂ ಮಾತ್ರೆಯ ಜೊತೆ ಬೇಡ, ಬರಿ ನೀರು ಸಾಕು.

ಕ್ಯಾಲ್ಸಿಯಂ, ಐರನ್, ಮಲ್ಟಿವಿಟಮಿನ್ ಮಾತ್ರೆ, ಎದೆಯುರಿಗೆ ಕುಡಿಯುವ ಅಂಟಾಸಿಡ್ ಸಿರಪ್ ಇವಕ್ಕೆ ಒಂದು ಗಂಟೆ ಸಾಲದು, ನಾಲ್ಕು ಗಂಟೆಯ ಅಂತರ ಬೇಕು. ಇವು ಹೊಟ್ಟೆಯಲ್ಲೇ ಥೈರಾಕ್ಸಿನ್ನನ್ನು ಹಿಡಿದುಕೊಂಡು ಮಲದ ಜೊತೆ ಹೊರಗೆ ಕಳಿಸಿಬಿಡುತ್ತವೆ. ಬಸುರಿಯರಿಗೂ ಬಾಣಂತಿಯರಿಗೂ ಐರನ್, ಕ್ಯಾಲ್ಸಿಯಂ ಎರಡನ್ನೂ ಬರೆದುಕೊಟ್ಟಿರುತ್ತಾರೆ. ಒಂದನ್ನು ಮಧ್ಯಾಹ್ನಕ್ಕೆ, ಇನ್ನೊಂದನ್ನು ರಾತ್ರಿಗೆ ಇಟ್ಟುಕೊಂಡರೆ ಬೆಳಗು ಥೈರಾಯ್ಡ್ ಮಾತ್ರೆಗೆ ಬಿಡುವಾಗುತ್ತದೆ. ಇಸಬ್‌ಗೋಲ್ ಮತ್ತು ಸೋಯಾ ಕೂಡ ಹತ್ತಿರ ಬರಬಾರದು.

ಗ್ಯಾಸ್ಟ್ರಿಕ್‌ಗೆಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಕತೆ ಬೇರೆ. ಇಲ್ಲಿ ಅಂತರ ಹೆಚ್ಚಿಸಿ ಪ್ರಯೋಜನ ಕಡಿಮೆ, ಏಕೆಂದರೆ ಥೈರಾಕ್ಸಿನ್ ಮಾತ್ರೆ ಕರಗಲು ಹೊಟ್ಟೆಯ ಆಮ್ಲವೇ ಬೇಕು, ಈ ಮಾತ್ರೆಗಳು ಇಡೀ ದಿನ ಆ ಆಮ್ಲವನ್ನೇ ತಗ್ಗಿಸುತ್ತವೆ. ಎರಡು ವಾರಕ್ಕೆಂದು ಬರೆದುಕೊಟ್ಟದ್ದನ್ನು ಎರಡು ವರ್ಷ ತಿನ್ನುತ್ತಿರುವವರು ಅದು ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಲೇಬೇಕು. ಬೇಕು ಎಂದಾದರೆ ಥೈರಾಯ್ಡ್ ಡೋಸನ್ನು ಅದಕ್ಕೆ ತಕ್ಕಂತೆ ಹೊಂದಿಸಬೇಕಾಗುತ್ತದೆ.

ಬೆಳಿಗ್ಗೆ ಇದೆಲ್ಲ ಆಗದ ಮಾತು ಎನ್ನುವವರಿಗೆ ರಾತ್ರಿಯ ದಾರಿ ಇದೆ. ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವ ಮುನ್ನ ತೆಗೆದುಕೊಳ್ಳಬಹುದು. 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ ರಾತ್ರಿ ತೆಗೆದುಕೊಂಡವರ ಟಿಎಸ್‌ಎಚ್ ಬೆಳಿಗ್ಗೆಯವರಿಗಿಂತ ಚೆನ್ನಾಗಿತ್ತು. ಎಂಟಕ್ಕೆ ಊಟ ಮುಗಿಸಿ ಹನ್ನೊಂದಕ್ಕೆ ಮಲಗುವವರಿಗೆ ಇದು ಹೇಳಿ ಮಾಡಿಸಿದ್ದು; ಹತ್ತಕ್ಕೆ ಉಂಡು ಹತ್ತೂವರೆಗೆ ಮಲಗುವವರಿಗೆ ಆಗದು. ರಮ್ಜಾನ್ ತಿಂಗಳಲ್ಲಿ ಸಹರಿಗೆ (ನಸುಕಿನ ಊಟಕ್ಕೆ) ಅರ್ಧ-ಒಂದು ಗಂಟೆ ಮೊದಲು, ಅಥವಾ ಇಫ್ತಾರಿನ ಊಟವಾಗಿ ಮೂರು ಗಂಟೆಯ ಮೇಲೆ ತೆಗೆದುಕೊಳ್ಳಬಹುದು. ಏಕಾದಶಿಯ ನಿರ್ಜಲ ಉಪವಾಸ ಮಾಡುವವರಿಗೆ ಒಂದು ದಿನ ತಪ್ಪಿದರೆ ಅಪಾಯವಿಲ್ಲ.

ಬಾಟಲಿ ಎಲ್ಲಿಡಬೇಕು, ತಪ್ಪಿದರೆ ಏನು ಮಾಡಬೇಕು

ಥೈರಾಕ್ಸಿನ್ ಬಿಸಿಲು, ಶಾಖ, ತೇವ ಮೂರಕ್ಕೂ ಕೆಡುತ್ತದೆ. ಒಲೆಯ ಪಕ್ಕದ ಶೆಲ್ಫ್, ಫ್ರಿಜ್ಜಿನ ತಲೆ, ಕಿಟಕಿಯ ಕಟ್ಟೆ, ಬಚ್ಚಲಿನ ಕಪಾಟು, ಕಾರಿನ ಡ್ಯಾಶ್‌ಬೋರ್ಡ್ ಇವು ಜಾಗವಲ್ಲ. ಮೂಲ ಬಾಟಲಿಯಲ್ಲೇ, ಒಳಗಿನ ತೇವ ಹೀರುವ ಪುಟ್ಟ ಚೀಲವನ್ನು ಎಸೆಯದೆ, ಮುಚ್ಚಳ ಬಿಗಿಯಾಗಿ ಹಾಕಿಡಿ. ಕರಾವಳಿ-ಮಲೆನಾಡಿನ ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ವಾರದ ಡಬ್ಬಿಗೆ ಹಾಕಿಕೊಳ್ಳುವುದಾದರೆ ಒಂದು ವಾರದ್ದನ್ನಷ್ಟೇ ಹಾಕಿ. ನೂರು ಮಾತ್ರೆಯ ಬಾಟಲಿ ದಿನಕ್ಕೊಮ್ಮೆ ತೆರೆದು ಮುಚ್ಚಿ ಮೂರು ತಿಂಗಳ ಮೇಲೆ ಬಾಳುತ್ತದೆ. ಕೊನೆಯ ಮಾತ್ರೆಗೂ ಮೊದಲ ಮಾತ್ರೆಯ ಶಕ್ತಿ ಇರಬೇಕಾದರೆ ಇಡುವ ಜಾಗ ಸರಿಯಿರಬೇಕು.

ಬೆಳಿಗ್ಗೆ ಮರೆತದ್ದು ಹತ್ತು ಗಂಟೆಗೆ ನೆನಪಾದರೆ, ತಿಂಡಿಯಾಗಿ ಮೂರು ಗಂಟೆಯಾದ ಮೇಲೆ ತೆಗೆದುಕೊಳ್ಳಿ. ಇಡೀ ದಿನ ತಪ್ಪಿದ್ದು ಮರುದಿನ ನೆನಪಾದರೆ, ಹೃದಯದ ತೊಂದರೆ ಇಲ್ಲದವರು ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು, ಔಷಧಿಯ ಆಯುಷ್ಯ ಉದ್ದವಾದ್ದರಿಂದ ತೊಂದರೆಯಾಗದು. ಹೃದ್ರೋಗಿಗಳು ಮೊದಲು ವೈದ್ಯರನ್ನು ಕೇಳಲಿ. ತಿಂಗಳಿಗೆ ಐದಾರು ದಿನ ತಪ್ಪುತ್ತಿದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ಹೇಳದಿದ್ದರೆ ಅವರು ನೀವು ತಿನ್ನದ ಮಾತ್ರೆಯನ್ನು ಲೆಕ್ಕಕ್ಕೆ ಹಿಡಿದು ಡೋಸ್ ಏರಿಸುತ್ತಾರೆ.

ಟಿಎಸ್‌ಎಚ್ ಇಳಿಯದಿದ್ದರೆ ಹುಡುಕುವ ಕ್ರಮ

ಮೊದಲು ಬಾಟಲಿಯಲ್ಲಿ ಉಳಿದ ಮಾತ್ರೆ ಎಣಿಸಿ, ತಂದ ದಿನಾಂಕದ ಜೊತೆ ತಾಳೆ ನೋಡಿ. ನಿಜವಾಗಿ ಎಷ್ಟು ದಿನ ತಪ್ಪಿದೆ ಎನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಪರೀಕ್ಷೆ ಬೇರೆ ಇಲ್ಲ. ಆಮೇಲೆ ಕಾಫಿ ಮತ್ತು ಐರನ್-ಕ್ಯಾಲ್ಸಿಯಂ. ಆಮೇಲೆ ಹೊಸದಾಗಿ ಸೇರಿದ ಔಷಧಿ: ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟೊಯಿನ್, ಕಾರ್ಬಮಜೆಪಿನ್ ಮುಂತಾದವು ಥೈರಾಕ್ಸಿನ್ನನ್ನು ಬೇಗ ಖರ್ಚು ಮಾಡುತ್ತವೆ, ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆಯೂ ಅಗತ್ಯವನ್ನು ಏರಿಸುತ್ತದೆ. ಅಂಗಡಿಯವರು ಬೇರೆ ಕಂಪನಿಯ ಬಾಟಲಿ ಕೊಟ್ಟಿದ್ದಾರೆಯೇ? ಜನೌಷಧಿ ಮಳಿಗೆಯ ಮಾತ್ರೆಯೂ ಒಳ್ಳೆಯದೇ, ಆದರೆ ಒಂದನ್ನು ಹಿಡಿದರೆ ಅದರಲ್ಲೇ ಮುಂದುವರಿಯಿರಿ. ಬದಲಾಯಿಸಿದರೆ ಆರು ವಾರಕ್ಕೆ ಟಿಎಸ್‌ಎಚ್ ನೋಡಿಸಿ.

ಇದೆಲ್ಲ ಸರಿಯಿದ್ದೂ ತೂಕಕ್ಕೆ ಮೀರಿದ ಡೋಸ್ ಬೇಕಾಗುತ್ತಿದ್ದರೆ ಹೊಟ್ಟೆಯ ಕಡೆ ತಿರುಗಬೇಕು. ಹಾಶಿಮೊಟೊ ಇರುವವರಲ್ಲಿ ಕೆಲವರಿಗೆ ಇದೇ ಬಗೆಯ ದಾಳಿ ಜಠರದ ಮೇಲೂ ನಡೆದಿರುತ್ತದೆ. ಆಗ ಆಮ್ಲ ಕಡಿಮೆಯಾಗಿ ಮಾತ್ರೆಯೂ ಕರಗುವುದಿಲ್ಲ, ಬಿ12 ಕೂಡ ಸಿಗುವುದಿಲ್ಲ. ಗೋಧಿಯ ಗ್ಲೂಟೆನ್ ಆಗದ ಸೀಲಿಯಾಕ್ ಕಾಯಿಲೆ, ಜಠರದ ಎಚ್. ಪೈಲೊರಿ ಸೋಂಕು ಇವನ್ನೂ ಪರೀಕ್ಷಿಸುತ್ತಾರೆ.

ಟಿಎಸ್‌ಎಚ್ 2ಕ್ಕೆ ಬಂದಿದೆ, ಸುಸ್ತು ಮಾತ್ರ ಹೋಗಿಲ್ಲ ಎನ್ನುವವರು ಡೋಸ್ ಏರಿಸಿ ಎಂದು ಕೇಳುವ ಮೊದಲು ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಬಿ12, ವಿಟಮಿನ್ ಡಿ, ಸಕ್ಕರೆ ನೋಡಿಸಲಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರಲ್ಲಿ ಕಬ್ಬಿಣದ ಕೊರತೆ ನಮ್ಮಲ್ಲಿ ಬಹಳ, ಇವೆರಡೂ ಥೈರಾಯ್ಡಿನ ಸುಸ್ತನ್ನೇ ಹೋಲುತ್ತವೆ. ಗೊರಕೆ, ನಿದ್ದೆಗೇಡು, ಮನಸ್ಸಿನ ಖಿನ್ನತೆಯನ್ನೂ ಬಿಚ್ಚಿ ಹೇಳಿ, "ಎಲ್ಲ ಥೈರಾಯ್ಡಿನಿಂದಲೇ" ಎಂದು ನುಂಗಿಕೊಳ್ಳಬೇಡಿ.

ತೂಕ ಇಳಿಯಲೆಂದು ಹೆಚ್ಚು ಮಾತ್ರೆ ತಿನ್ನುವುದು ಅಪಾಯ. ಟಿಎಸ್‌ಎಚ್ 0.1ಕ್ಕಿಂತ ಕೆಳಗೆ ಬಹುಕಾಲ ಇದ್ದರೆ ವಯಸ್ಸಾದವರಲ್ಲಿ ಹೃದಯದ ಲಯ ತಪ್ಪುತ್ತದೆ, ಮುಟ್ಟು ನಿಂತ ಹೆಂಗಸರ ಮೂಳೆ ಟೊಳ್ಳಾಗುತ್ತದೆ.

ಬಸಿರಾದ ಕೂಡಲೇ

ಮೊದಲ ಮೂರು ತಿಂಗಳು ಮಗುವಿನ ಮಿದುಳಿನ ಬೆಳವಣಿಗೆಗೆ ಬೇಕಾದ ಥೈರಾಯ್ಡ್ ಹಾರ್ಮೋನ್ ತಾಯಿಯಿಂದಲೇ ಬರಬೇಕು. ಆದ್ದರಿಂದ ಮಗುವಿಗೆ ಯೋಜಿಸುವಾಗಲೇ ಟಿಎಸ್‌ಎಚ್ಚನ್ನು 2.5ರ ಕೆಳಗೆ ತಂದುಕೊಳ್ಳಿ. "ಬಸಿರಾದರೆ ಏನು ಮಾಡಲಿ?" ಎಂದು ವೈದ್ಯರನ್ನು ಮುಂಚೆಯೇ ಕೇಳಿ ಬರೆಸಿಟ್ಟುಕೊಳ್ಳಿ. ಸಾಮಾನ್ಯ ಸಲಹೆ ಎಂದರೆ, ಪರೀಕ್ಷೆಯಲ್ಲಿ ಬಸಿರು ಖಚಿತವಾದ ದಿನದಿಂದಲೇ ವಾರಕ್ಕೆ ಏಳು ಮಾತ್ರೆಯ ಬದಲು ಒಂಬತ್ತು, ಅಂದರೆ ಎರಡು ದಿನ ಎರಡೆರಡು. ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಎರಡು ವಾರ ಆಚೆ ಸಿಕ್ಕರೂ ಮಗು ಕಾಯಬೇಕಾಗಿಲ್ಲ. ಅರ್ಧ ಬಸಿರಿನವರೆಗೆ ನಾಲ್ಕು ವಾರಕ್ಕೊಮ್ಮೆ, ಆಮೇಲೆ 30 ವಾರದ ಹೊತ್ತಿಗೆ ಟಿಎಸ್‌ಎಚ್ ನೋಡಿಸಬೇಕು. ಹೆರಿಗೆಯಾದ ಮೇಲೆ ಹಳೆಯ ಡೋಸಿಗೆ ಮರಳಿ ಆರು ವಾರಕ್ಕೆ ಮತ್ತೊಮ್ಮೆ ಪರೀಕ್ಷೆ. ಮಾತ್ರೆ ನುಂಗುತ್ತ ಎದೆಹಾಲು ಕೊಡಬಹುದು, ಮಗುವಿಗೆ ಏನೂ ಆಗುವುದಿಲ್ಲ.

"ಬಸುರಿ ಹೆಂಗಸು ಮಾತ್ರೆ ತಿನ್ನಬಾರದು" ಎಂದು ಹಿರಿಯರು ನಿಲ್ಲಿಸಿಬಿಡುವುದು ಇವತ್ತಿಗೂ ಇದೆ. ಅವರಿಗೆ ಒಂದೇ ಮಾತು ಹೇಳಿ: ಅಮ್ಮಾ, ಇದು ಮೈಯಲ್ಲಿ ಇರಲೇಬೇಕಾದ್ದು, ನನ್ನ ಗ್ರಂಥಿ ಕೊಡುತ್ತಿಲ್ಲ, ಅದಕ್ಕೆ ಮಾತ್ರೆಯಿಂದ ಕೊಡುತ್ತಿದ್ದೇನೆ, ಅಷ್ಟೇ.

ಕೋಸು, ರಾಗಿ, ಉಪ್ಪು

ಎಲೆಕೋಸು, ಹೂಕೋಸು ಬಿಡಿ ಎಂಬ ಪಟ್ಟಿ ಎಲ್ಲರ ಫೋನಿನಲ್ಲೂ ಇದೆ. ಇವುಗಳಲ್ಲಿರುವ ಅಂಶ ಥೈರಾಯ್ಡಿಗೆ ಅಯೋಡಿನ್ ಬಳಸಲು ಅಡ್ಡಬರುವುದು ನಿಜ. ಆದರೆ ಅದು ತೊಂದರೆಯಾಗುವುದು ಅಯೋಡಿನ್ ಕೊರತೆ ಇದ್ದು, ಹಸಿಯಾಗಿ, ರಾಶಿಗಟ್ಟಲೆ ತಿಂದಾಗ. ಬೇಯಿಸಿದ ಪಲ್ಯಕ್ಕೆ ಹೆದರಬೇಕಿಲ್ಲ. ಸಿರಿಧಾನ್ಯಗಳಲ್ಲಿ ಇಂಥ ಪರಿಣಾಮ ಹೆಚ್ಚಾಗಿ ದಾಖಲಾಗಿರುವುದು ಸಜ್ಜೆಯಲ್ಲಿ, ಅದೂ ಅಯೋಡಿನ್ ಕಡಿಮೆಯಿದ್ದು ಅದನ್ನೇ ಮುಖ್ಯ ಆಹಾರವಾಗಿ ತಿನ್ನುವ ಪ್ರದೇಶಗಳಲ್ಲಿ. ಮಧ್ಯಾಹ್ನದ ರಾಗಿ ಮುದ್ದೆ ಬಿಡಬೇಕಾಗಿಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ, ಹಾಗಾಗಿ ಬೆಳಗಿನ ಮಾತ್ರೆಯ ಬೆನ್ನಿಗೇ ರಾಗಿ ಮಾಲ್ಟ್ ಕುಡಿಯಬೇಡಿ, ಅಷ್ಟೇ.

ಉಪ್ಪಿನಲ್ಲಿ ಎರಡೂ ಕಡೆಯ ತಪ್ಪು ನಡೆಯುತ್ತದೆ. ಅಯೋಡಿನ್ ಉಪ್ಪು ಬಿಟ್ಟು ಬರೀ ಸೈಂಧವ ಲವಣಕ್ಕೆ ಹೋದರೆ ಮನೆಯ ಮಕ್ಕಳಿಗೂ ಬಸುರಿಯರಿಗೂ ಅಯೋಡಿನ್ ಕೊರತೆಯಾಗುತ್ತದೆ. "ಥೈರಾಯ್ಡ್ ಸಪೋರ್ಟ್" ಎಂದು ಮಾರುವ ಕಡಲಪಾಚಿಯ ಮಾತ್ರೆ ತಿಂದರೆ ಅಯೋಡಿನ್ ಅತಿಯಾಗಿ ಹಾಶಿಮೊಟೊ ಕೆರಳುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದ್ದು 150 ಮೈಕ್ರೋಗ್ರಾಂ, ಮಾಮೂಲಿ ಅಯೋಡಿನ್ ಉಪ್ಪಿನ ಅಡುಗೆಯಿಂದ ಅದು ಬರುತ್ತದೆ. ಸೆಲೆನಿಯಂ ಮಾತ್ರೆಯಿಂದ ಪ್ರತಿಕಾಯದ ಅಂಕಿ ಕೆಲವರಲ್ಲಿ ಇಳಿದರೂ, ರೋಗಿಗೆ ಅನುಭವಕ್ಕೆ ಬರುವ ಲಾಭ ಖಚಿತವಾಗಿ ಕಂಡಿಲ್ಲ. ಸೀಲಿಯಾಕ್ ಇಲ್ಲದವರು ಚಪಾತಿ ಬಿಡಬೇಕಾಗಿಲ್ಲ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಗೊತ್ತಿರಲಿ. ಯಾವುದೇ ಪದ್ಧತಿಯ ಔಷಧಿ ಜೊತೆಗೆ ಮಾಡಿದರೂ ಥೈರಾಕ್ಸಿನ್ ನಿಲ್ಲಿಸಬೇಡಿ. ನಿಲ್ಲಿಸಿದ ಮೊದಲ ಎರಡು-ಮೂರು ವಾರ ಏನೂ ಆಗದಿರುವುದೇ ಇಲ್ಲಿನ ಮೋಸ, ಹಳೆಯ ದಾಸ್ತಾನು ಮೈಯಲ್ಲಿ ಇನ್ನೂ ಇರುತ್ತದೆ.

ತಡಮಾಡಬಾರದ ಸಂದರ್ಭಗಳು

ಬಹಳ ದಿನ ಮಾತ್ರೆ ಬಿಟ್ಟ ಹಿರಿಯರು, ಅದರಲ್ಲೂ ಚಳಿಗಾಲದಲ್ಲಿ ಅಥವಾ ಸೋಂಕು ತಗಲಿದಾಗ, ಮಂಕಾಗಿ ತೂಕಡಿಸುತ್ತ, ಮೈ ತಣ್ಣಗಾಗಿ, ನಾಡಿ ನಿಧಾನವಾದರೆ ಅದು ತುರ್ತು, ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಥೈರಾಕ್ಸಿನ್ ಶುರುಮಾಡಿದ ಮೇಲೆ ವಾಂತಿ, ತಲೆಸುತ್ತು, ರಕ್ತದೊತ್ತಡ ಕುಸಿತ ಆದರೆ, ಅದರ ಜೊತೆ ತೂಕ ಇಳಿಯುತ್ತ ಮೈಬಣ್ಣ ಕಪ್ಪಾಗುತ್ತಿದ್ದರೆ, ಅಡ್ರಿನಲ್ ಗ್ರಂಥಿಯೂ ಕೈಕೊಟ್ಟಿರಬಹುದು. ಆ ಗ್ರಂಥಿಯ ಹಾರ್ಮೋನ್ ಆದ ಕಾರ್ಟಿಸಾಲ್ ಪರೀಕ್ಷೆ ತಡವಾಗಬಾರದು. ಕುತ್ತಿಗೆಯ ಊತ ಕೆಲವೇ ವಾರದಲ್ಲಿ ದೊಡ್ಡದಾದರೆ, ದನಿ ಬದಲಾದರೆ, ನುಂಗಲು ಕಷ್ಟವಾದರೆ ಸ್ಕ್ಯಾನ್ ಆಗಲೇಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಥೈರಾಯ್ಡ್ ಡೋಸ್ ಏರಿದಂತೆ ಅದರ ಪರಿಣಾಮವೂ ಏರುತ್ತದೆ, ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆ ಬೇಗ ಮಾಡಿಸಿ.

ಎಲ್ಲ ಸ್ಥಿರವಾದ ಮೇಲೆ ವರ್ಷಕ್ಕೊಂದು ಟಿಎಸ್‌ಎಚ್ ಸಾಕು. ಫೈಲಿನ ಹಿಂದಿನ ಪುಟದಲ್ಲಿ ನಾಲ್ಕು ಕಾಲಂ ಎಳೆದಿಟ್ಟುಕೊಳ್ಳಿ: ದಿನಾಂಕ, ಟಿಎಸ್‌ಎಚ್, ಡೋಸ್ ಮತ್ತು ಕಂಪನಿ, ಆ ತಿಂಗಳು ಬದಲಾದದ್ದು. ಕೊನೆಯ ಕಾಲಮ್ಮಿನಲ್ಲಿ "ಐರನ್ ಶುರು", "ರಾತ್ರಿಗೆ ಬದಲಾಯಿಸಿದೆ", "ಹತ್ತು ದಿನ ತಪ್ಪಿತು" ಎಂದು ಪ್ರಾಮಾಣಿಕವಾಗಿ ಬರೆದಿದ್ದರೆ, ವೈದ್ಯರು ಬದಲಾದರೂ ಊರು ಬದಲಾದರೂ ಕಾರಣ ಹುಡುಕಲು ಐದು ನಿಮಿಷ ಸಾಕು. ಈ ಕಾಯಿಲೆ ಮನೆತನದಲ್ಲಿ ಹರಿದು ಬರುವುದುಂಟು. ಅದೇ ಪುಟದ ಕೆಳಗೆ ಅಕ್ಕತಂಗಿಯರ, ಹೆಣ್ಣುಮಕ್ಕಳ ಹೆಸರನ್ನೂ ಬರೆದಿಡಿ. ಅವರಲ್ಲಿ ಯಾರಿಗಾದರೂ ಕಾರಣವಿಲ್ಲದ ಸುಸ್ತು, ಹೆಚ್ಚು ಮುಟ್ಟು, ನಿಲ್ಲದ ಬಸಿರು, ಅಥವಾ ತೊನ್ನು, ಮಕ್ಕಳಲ್ಲೇ ಶುರುವಾಗುವ ಟೈಪ್ 1 ಸಕ್ಕರೆ ಕಾಯಿಲೆ ಇದ್ದರೆ ಒಂದು ಟಿಎಸ್‌ಎಚ್ ಮಾಡಿಸಲಿ.